ಮಸ್ಕಿಯ ಬಂಡೆ ಹೇಳಿದ ಹೆಸರು

ರಾಯಚೂರು ಕೋಟೆಯ ಗೋಡೆಯಲ್ಲಿ ಒಂದು ಕಲ್ಲಿದೆ. ಉದ್ದ 41 ಅಡಿಗೂ ಹೆಚ್ಚು. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿಯ ಅಧಿಕಾರಿ ವಿಠ್ಠಲ ಈ ಕೋಟೆ ಕಟ್ಟಿಸಿದ ಸಂಗತಿಯನ್ನು ಅದರ ಮೇಲೆ ತೆಲುಗಿನಲ್ಲಿ ಕೆತ್ತಿಸಿದ್ದಾರೆ. ಅಂಥ ಕಲ್ಲನ್ನು ಯಾರೂ ಹುಡುಕಬೇಕಾಗಿಲ್ಲ, ಹೋದವರ ಕಣ್ಣಿಗೆ ತಾನೇ ಬೀಳುತ್ತದೆ. ಅದೇ ಜಿಲ್ಲೆಯಲ್ಲಿ ಅದಕ್ಕಿಂತ ಸಾವಿರದ ಐನೂರು ವರ್ಷ ಹಳೆಯದಾದ ಇನ್ನೊಂದು ಬರಹ, ಗುಡ್ಡದ ಬಂಡೆಗಳ ಮರೆಯಲ್ಲಿ, ಓದುವವರಿಲ್ಲದೆ ಉಳಿದಿತ್ತು. ಅದು ಸಿಕ್ಕ ಕತೆ ನನಗೆ ಕೋಟೆಯ ಕಲ್ಲಿಗಿಂತ ದೊಡ್ಡದು.

ರಾಯಚೂರಿನಿಂದ ಲಿಂಗಸುಗೂರಿನ ದಾರಿ ಹಿಡಿದರೆ ಮೊದಲು ಕಲ್ಲೂರು, ಆಮೇಲೆ ಸಿರವಾರ, ಕವಿತಾಳ. ಎರಡೂ ಬದಿ ಎರೆಹೊಲ. ಜೋಳ, ಹತ್ತಿ, ತೊಗರಿ. ನಡುನಡುವೆ ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂಥ ಗುಡ್ಡಗಳು. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಈ ಎಡೆದೊರೆ ನಾಡಿನಲ್ಲಿ ಮಸ್ಕಿ ಇದೆ. ಊರ ಪಕ್ಕದ ದುರ್ಗದ ಗುಡ್ಡದಲ್ಲಿ ಆ ಬರಹ ಇದೆ.

ಅದು ಸಿಗುವ ಮುಂಚಿನ ತೊಡಕನ್ನು ಮೊದಲು ಹೇಳಬೇಕು. ದೇಶದ ಬಂಡೆ, ಕಂಬಗಳ ಮೇಲಿದ್ದ ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಓದಿ ತೋರಿಸಿದ. ಓದಿದಲ್ಲೆಲ್ಲ ಸಿಕ್ಕಿದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು. ಈ ರಾಜ ಯಾರು? ಸಿಂಹಳದ ದೊರೆ ಇರಬಹುದೆಂದು ಪ್ರಿನ್ಸೆಪ್ ಮೊದಲು ಎಣಿಸಿದ್ದ. ಸಿಂಹಳದಲ್ಲೇ ಸರ್ಕಾರಿ ಕೆಲಸದಲ್ಲಿದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥ ದೀಪವಂಸವನ್ನು ನೋಡಿ, ಇವನು ಚಂದ್ರಗುಪ್ತನ ಮೊಮ್ಮಗ ಅಶೋಕ ಎಂದು ಸೂಚಿಸಿದ. ವಿದ್ವಾಂಸರು ಒಪ್ಪಿದರು. ಆದರೂ ಆಧಾರ ಇದ್ದದ್ದು ಸಮುದ್ರದಾಚೆಯ ಪುಸ್ತಕದಲ್ಲಿ. ರಾಜ ತಾನೇ ಕೆತ್ತಿಸಿದ ಯಾವ ಕಲ್ಲೂ ಅವನ ಹೆಸರು ಹೇಳಿರಲಿಲ್ಲ. 1892ರಲ್ಲಿ ಬಿ. ಎಲ್. ರೈಸ್ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಶಾಸನಗಳನ್ನು ಕಂಡಾಗ ಮೌರ್ಯರ ಆಳ್ವಿಕೆ ಕನ್ನಡ ನೆಲದವರೆಗೆ ಬಂದಿತ್ತೆಂಬುದು ಖಚಿತವಾಯಿತು. ಹೆಸರು ಮಾತ್ರ ಅಲ್ಲೂ ಇರಲಿಲ್ಲ.

ಮಸ್ಕಿಗೆ ಬಂದವನು ಶಾಸನ ಹುಡುಕುವವನಲ್ಲ, ಚಿನ್ನ ಹುಡುಕುವವನು. ಆಗ ರಾಯಚೂರು ನಿಜಾಮರ ರಾಜ್ಯಕ್ಕೆ ಸೇರಿತ್ತು. ಇದೇ ಜಿಲ್ಲೆಯ ಹಟ್ಟಿಯ ಸುತ್ತ ಪ್ರಾಚೀನರು ತೋಡಿ ಬಿಟ್ಟ ಚಿನ್ನದ ಗಣಿಗಳಿದ್ದವು. ಹಟ್ಟಿಯಲ್ಲಿ ಆ ಕಾಲದವರು 640 ಅಡಿ ಆಳದವರೆಗೂ ಇಳಿದಿದ್ದರೆಂದು ಈಚಿನ ಗಣಿಗಾರಿಕೆಯಲ್ಲಿ ತಿಳಿಯಿತು. ಉಳಿ, ಸುತ್ತಿಗೆ, ಬೆಂಕಿ ಬಿಟ್ಟರೆ ಹೆಚ್ಚಿನ ಸಲಕರಣೆ ಇಲ್ಲದವರು ಅಷ್ಟು ಆಳಕ್ಕೆ ಹೋದದ್ದನ್ನು ನೆನೆದರೆ ಇಂದಿಗೂ ಬೆರಗಾಗುತ್ತದೆ. ಅಂಥ ಹಳೆಯ ಕುರುಹು ಇದ್ದಲ್ಲಿ ಹೊಸ ಚಿನ್ನವೂ ಇದ್ದೀತು ಎಂಬುದು ಗಣಿಯವರ ಲೆಕ್ಕ. ಹಾಗಾಗಿ ಅವರು ಊರೂರಿನ ಗುಡ್ಡ, ಹಳ್ಳಗಳನ್ನು ಕಣ್ಣಿಟ್ಟು ನೋಡುತ್ತಿದ್ದರು. ಗಣಿ ಎಂಜಿನಿಯರ್ ಸಿ. ಬೀಡನ್ ಹೀಗೆ ನೋಡುತ್ತಿದ್ದಾಗ, 1915ರಲ್ಲಿ, ಗುಡ್ಡದ ಬಂಡೆಯೊಂದರ ಮೇಲೆ ಅಕ್ಷರ ಕಂಡ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹಿಂದಿನ ಶತಮಾನದಲ್ಲೇ ಮಸ್ಕಿಯನ್ನು ಪ್ರಾಚೀನ ನೆಲೆಯೆಂದು ಗುರುತಿಸಿದ್ದ. ಆದರೂ ಈ ಅಕ್ಷರ ಜಗತ್ತಿಗೆ ತಿಳಿದದ್ದು ಬೀಡನ್‌ನಿಂದ.

ಶೋಧ ಎಂದ ಕೂಡಲೇ ನಾವು ಕಂಡವನ ಹೆಸರನ್ನು ಮಾತ್ರ ಹೇಳಿ ಮುಗಿಸುತ್ತೇವೆ. ನನ್ನ ಮಟ್ಟಿಗೆ ಮಸ್ಕಿಯ ಶಾಸನ ನಿಜವಾಗಿ ಸಿಕ್ಕಿದ್ದು ಅದನ್ನು ಓದಿದಾಗ. ಓದಿದವರು ಭಾರತ ಸರ್ಕಾರದ ಶಾಸನತಜ್ಞ ಹೊಸಕೋಟೆ ಕೃಷ್ಣಶಾಸ್ತ್ರಿಗಳು. ಬಂಡೆ ಸವೆದಿತ್ತು, ಅಕ್ಷರಗಳು ಅಲ್ಲಲ್ಲಿ ಹಾರಿಹೋಗಿದ್ದವು. ಪುಣ್ಯಕ್ಕೆ ಮೊದಲ ಸಾಲು ಉಳಿದಿತ್ತು. ಬಿರುದಿನ ಬೆನ್ನಿಗೇ ಅಲ್ಲಿ ಹೆಸರಿತ್ತು: ‘ದೇವಾನಂಪಿಯಸ ಅಸೋಕಸ’. ಸುಮಾರು ಎಂಬತ್ತು ವರ್ಷ ಪುಸ್ತಕವನ್ನು ನಂಬಿ ಹೇಳುತ್ತಿದ್ದ ಮಾತಿಗೆ ರಾಜನ ಕಲ್ಲೇ ಸಾಕ್ಷಿ ಹೇಳಿತು. ಹೈದರಾಬಾದಿನಲ್ಲಿ ಪುರಾತತ್ವ ಇಲಾಖೆ ಆರಂಭವಾದದ್ದು 1914ರಲ್ಲಿ. ಮರುವರ್ಷ ಅದರ ಗ್ರಂಥಮಾಲೆಯ ಮೊದಲ ಸಂಚಿಕೆಯಾಗಿ ಶಾಸ್ತ್ರಿಗಳ ಈ ಓದು ಅಚ್ಚಾಯಿತು.

ಶಾಸನದ ಉಳಿದ ಸಾಲುಗಳೂ ಅಷ್ಟೇ ಬೆಲೆಯುಳ್ಳವು. ತಾನು ಬುದ್ಧನ ದಾರಿಗೆ ಬಂದು ಎರಡೂವರೆ ವರ್ಷ ದಾಟಿತೆಂದು ರಾಜ ಹೇಳಿಕೊಳ್ಳುತ್ತಾನೆ. ಧರ್ಮದಲ್ಲಿ ನಡೆಯುವುದು ದೊಡ್ಡವರಿಗೆ ಮಾತ್ರ ಸಾಧ್ಯ ಎಂದುಕೊಳ್ಳಬೇಡಿ, ಸಣ್ಣವನಿಗೂ ಸಾಧ್ಯ, ಇದನ್ನು ಇಬ್ಬರಿಗೂ ತಿಳಿಸಿ ಎನ್ನುತ್ತಾನೆ. ಪಾಟಲಿಪುತ್ರದ ದೊರೆ ನಮ್ಮ ಎರೆನೆಲದ ದುಡಿಯುವ ಜನರನ್ನು ನೆನೆದು ಕಳಿಸಿದ ಮಾತು ಇದು ಎಂದು ನಾನು ನಂಬುತ್ತೇನೆ. ಗಣಿಗೆ ಇಳಿದವರಿಗೆ, ದನ ಕಾದವರಿಗೆ ಯಾರಾದರೂ ಇದನ್ನು ಓದಿ ಹೇಳಿದ್ದಿರಬೇಕು.

ಮಧ್ಯಪ್ರದೇಶದ ಗುಜರ್ರಾ ಶಾಸನ 1950ರ ದಶಕದಲ್ಲಿ ಸಿಕ್ಕಿತು, ಅದರಲ್ಲೂ ಅಶೋಕನ ಹೆಸರಿದೆ. 1970ರ ದಶಕದಲ್ಲಿ ತುಂಗಭದ್ರೆಯ ಆಚೆ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿ ಸಿಕ್ಕ ಶಾಸನಗಳಲ್ಲೂ ಇದೆ. ಹೆಸರು ಹೇಳುವ ಈ ನಾಲ್ಕರಲ್ಲಿ ಮೂರು ಕರ್ನಾಟಕದವು.

ಮಸ್ಕಿಯಲ್ಲಷ್ಟೇ ಅಲ್ಲ, ಈ ಸೀಮೆಯ ಎಷ್ಟೋ ಊರುಗಳಲ್ಲಿ ಹೀಗೆ ಹಳೆಯ ಕಾಲದ ಕುರುಹುಗಳಿವೆ. ಕಲ್ಲೂರಿನಲ್ಲಿ ತಾಮ್ರದ ಕತ್ತಿಗಳು ಸಿಕ್ಕಿವೆ; ಹಿಡಿಯ ತುದಿ ಮೀಸೆಯಂತೆ ಕವಲೊಡೆದ ಬಗೆಯವು. ಅಂಥ ಕತ್ತಿಗಳು ಹೆಚ್ಚಾಗಿ ಸಿಗುವುದು ಗಂಗಾ ಯಮುನೆಯರ ಬಯಲಿನಲ್ಲಿ. ಅಷ್ಟು ದೂರದ ಮಾದರಿ ಇಲ್ಲಿಗೆ ಬಂದದ್ದು ವ್ಯಾಪಾರದಿಂದಲೋ ವಲಸೆಯಿಂದಲೋ ಎಂಬುದನ್ನು ನೆಲವೇ ಹೇಳಬೇಕು. ಆದರೆ ಇಂದು ಹೊಲ ಮಟ್ಟ ಮಾಡಲು ಜೆಸಿಬಿ ಬರುತ್ತದೆ, ಗುಡ್ಡ ಒಡೆದು ಜಲ್ಲಿ ಮಾಡುತ್ತಾರೆ. ಬರಹವಿರುವ ಬಂಡೆಯೂ ಬರಹವಿಲ್ಲದ ಬಂಡೆಯೂ ಕ್ರಷರಿಗೆ ಒಂದೇ. ಒಡೆಯುವ ಮುಂಚೆ ಒಂದು ಸಲ ಸುತ್ತಿ ನೋಡಿ ಎಂದು ಊರ ಹಿರಿಯರನ್ನೂ ಶಾಲೆಯ ಮೇಷ್ಟ್ರುಗಳನ್ನೂ ಕೇಳಿಕೊಳ್ಳುತ್ತೇನೆ.

ನೋಡಬೇಕಾದ್ದು ಇನ್ನೂ ಇದೆ. ದಕ್ಷಿಣದ ಮೌರ್ಯ ಅಧಿಕಾರಿಗಳು ಸುವರ್ಣಗಿರಿಯಿಂದ ಆಜ್ಞೆ ಕಳಿಸುತ್ತಿದ್ದರೆಂದು ಬ್ರಹ್ಮಗಿರಿಯ ಶಾಸನ ಹೇಳುತ್ತದೆ. ಚಿನ್ನದ ಗಣಿಗಳಿರುವುದರಿಂದ ಅದು ಮಸ್ಕಿಯ ಸುತ್ತಲೇ ಇತ್ತೆಂದು ಕೆಲವರು, ಗಂಗಾವತಿ ಕಡೆಯ ಕನಕಗಿರಿ ಎಂದು ಕೆಲವರು, ಕರ್ನೂಲು ಸೀಮೆಯ ಜೊನ್ನಗಿರಿ ಎಂದು ಇನ್ನು ಕೆಲವರು ವಾದಿಸುತ್ತಾರೆ. ಇಂಥಲ್ಲೇ ಸುವರ್ಣಗಿರಿ ಎಂದು ಬರೆದ ಕಲ್ಲು ಇನ್ನೂ ಯಾರಿಗೂ ಸಿಕ್ಕಿಲ್ಲ.