ಭೂತಾನ್ ಜಗತ್ತಿನಲ್ಲೇ ಅತಿ ಸಂತೋಷದ ದೇಶವೇ?

"ಸಿಗ್ನಲ್ ದೀಪವೇ ಇಲ್ಲದ ರಾಜಧಾನಿ, ಎಲ್ಲರ ಮುಖದಲ್ಲೂ ನಗು, ಸಂತೋಷದಲ್ಲಿ ಜಗತ್ತಿಗೇ ನಂಬರ್ 1 ಭೂತಾನ್!" ಇಂಥ ಫಾರ್ವರ್ಡ್ ನಿಮ್ಮ ಮೊಬೈಲಿಗೂ ಬಂದಿರಬಹುದು. ಸಿಗ್ನಲ್ ಮಾತು ನಿಜ. ಥಿಂಪುವಿನ ಮುಖ್ಯ ವೃತ್ತದಲ್ಲಿ ಪೊಲೀಸರು ಬಣ್ಣಬಣ್ಣದ ಗೂಡಿನೊಳಗೆ ನಿಂತು ಕೈಸನ್ನೆಯಲ್ಲೇ ವಾಹನ ಬಿಡುತ್ತಾರೆ. ಹೋದವರೆಲ್ಲ ಅಲ್ಲಿ ಫೋಟೊ ತೆಗೆಯುತ್ತಾರೆ, ನಾನೂ ತೆಗೆದೆ. ಆದರೆ ನಂಬರ್ 1 ಎಂಬುದು ಸುಳ್ಳು.

ವಿಶ್ವ ಸಂತೋಷ ವರದಿಯ 2019ರ ಪಟ್ಟಿಯಲ್ಲಿ 156 ದೇಶಗಳ ಪೈಕಿ ಭೂತಾನ್ 95ನೆಯದು. 2018ರಿಂದ 2025ರವರೆಗೆ ಪ್ರತಿ ವರ್ಷವೂ ಮೊದಲ ಸ್ಥಾನ ಫಿನ್‌ಲ್ಯಾಂಡಿನದು.

ಹಾಗಾದರೆ ಈ ಮಾತು ಹುಟ್ಟಿದ್ದು ಎಲ್ಲಿಂದ? ದೇಶದ ಒಟ್ಟು ಉತ್ಪನ್ನಕ್ಕಿಂತ ಒಟ್ಟು ಸಂತೋಷ ಮುಖ್ಯ ಎಂದು 1970ರ ದಶಕದಲ್ಲಿ ಅಲ್ಲಿನ ನಾಲ್ಕನೇ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಹೇಳಿದರು. 2008ರ ಸಂವಿಧಾನದಲ್ಲೂ ಅದು ಸೇರಿತು. ಅದು ಗುರಿ. ಫಾರ್ವರ್ಡ್ ಮಾಡುವವರು ಅದನ್ನೇ ರಿಸಲ್ಟ್ ಮಾಡಿಬಿಟ್ಟರು.

ನಿಜವಾದ ಸ್ವಾರಸ್ಯ ಇರುವುದು ಭೂತಾನ್ ತನ್ನನ್ನು ತಾನೇ ಅಳೆದುಕೊಳ್ಳುವ ರೀತಿಯಲ್ಲಿ. 9 ವಿಭಾಗ, 33 ಅಂಶ. "ಖುಷಿಯಾಗಿದ್ದೀರಾ?" ಎಂದಷ್ಟೇ ಕೇಳಿ ಬಿಡುವುದಿಲ್ಲ. ಎಷ್ಟು ಹೊತ್ತು ದುಡಿಯುತ್ತೀರಿ, ಎಷ್ಟು ನಿದ್ದೆ, ಹುಷಾರು ತಪ್ಪಿದರೆ ನೋಡಿಕೊಳ್ಳುವವರು ಎಷ್ಟು ಜನ, ಕಾಡುಪ್ರಾಣಿಗಳಿಂದ ಬೆಳೆ ಹಾಳಾಗಿದೆಯೇ ಎಂದೆಲ್ಲ ಕೇಳುತ್ತಾರೆ. ಕೊನೆಯ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ದೇಶದ ಶೇ 60ರಷ್ಟು ನೆಲ ಎಂದೆಂದಿಗೂ ಕಾಡಾಗಿರಬೇಕು ಎಂದು ಅಲ್ಲಿನ ಸಂವಿಧಾನವೇ ಹೇಳುತ್ತದೆ. ಪ್ರವಾಸಿಗೆ ಆ ಕಾಡು ಕಣ್ಣಿಗೆ ತಂಪು. ಕಾಡಂಚಿನ ರೈತನಿಗೆ ಅದೇ ಕಾಡೆಂದರೆ ಹಂದಿ ಕಾಯುತ್ತಾ ನಿದ್ದೆಗೆಡುವ ರಾತ್ರಿ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಅಂಶಗಳಲ್ಲಿ ಶೇ 66ರಷ್ಟಾದರೂ ಸಾಕಷ್ಟಿದ್ದರೆ ಮಾತ್ರ ಒಬ್ಬರನ್ನು ಸಂತೋಷವಾಗಿರುವವರ ಲೆಕ್ಕಕ್ಕೆ ಸೇರಿಸುತ್ತಾರೆ. 2022ರ ಸಮೀಕ್ಷೆಯಲ್ಲಿ ಹಾಗೆ ಸೇರಿದವರು ಶೇ 48.1. ಉಳಿದವರು 'ಇನ್ನೂ ಸಂತೋಷ ಕಾಣದವರು'. ಅವರು ಯಾರು, ಯಾವ ಜಿಲ್ಲೆಯವರು, ಅವರಿಗೆ ಏನು ಕಡಿಮೆಯಾಗಿದೆ ಎಂದು ಹುಡುಕುವುದಕ್ಕೇ ಈ ಸಮೀಕ್ಷೆ.

ನಾಲ್ಕು ದಿನ ರಜೆ ಹಾಕಿ ಹೋದವರ ಕಣ್ಣಿಗೆ ಇವರು ಬೀಳುವುದು ಕಷ್ಟ; ರಜೆಯಲ್ಲಿ ನಾವೇ ಖುಷಿಯಾಗಿರುತ್ತೇವಲ್ಲ! ಉಚಿತ ಶಾಲೆ, ಉಚಿತ ಆಸ್ಪತ್ರೆ ಇರುವ ಈ ದೇಶದಿಂದ ಇತ್ತೀಚಿನ ವರ್ಷಗಳಲ್ಲಿ ಸಾವಿರಾರು ಯುವಜನರು ಓದು, ಕೆಲಸ ಎಂದು ಆಸ್ಟ್ರೇಲಿಯಾಕ್ಕೆ ಹೊರಟಿದ್ದಾರೆ. ಸರ್ಕಾರಿ ಕೆಲಸ ಬಿಟ್ಟ ಮೇಷ್ಟ್ರುಗಳು, ನರ್ಸ್‌ಗಳೂ ಅವರಲ್ಲಿದ್ದಾರೆ.