ಶಾಸನಸೂಚಿಯಲ್ಲಿ ಸಂವತ್ಸರನಾಮ: ಎಕ್ಸ್‌ಎಂಎಲ್ ಸ್ಕೀಮಾದ ನಿಯತಪಟ್ಟಿ

ಗಣಕಯಂತ್ರದಲ್ಲಿ ಶಾಸನಸೂಚಿಯನ್ನು ಸಿದ್ಧಪಡಿಸುವಾಗ ಒಂದೇ ಸಂವತ್ಸರವನ್ನು ಒಬ್ಬರು ‘ವಿಳಂಬಿ’ ಎಂದೂ ಮತ್ತೊಬ್ಬರು ‘ವಿಲಂಬಿ’ ಎಂದೂ ಬರೆದರೆ, ಯಂತ್ರವು ಅವನ್ನು ಎರಡೆಂದೇ ಎಣಿಸುತ್ತದೆ. ಒಂದು ರೂಪವನ್ನು ಹುಡುಕಿದವರಿಗೆ ಇನ್ನೊಂದು ರೂಪದ ಶಾಸನಗಳು ದೊರೆಯವು. ದತ್ತಾಂಶವನ್ನು ಗುರುತುಪಟ್ಟಿಗಳೊಡನೆ ಬರೆಯುವ ಎಕ್ಸ್‌ಎಂಎಲ್‌ಗೆ ೨೦೦೧ರಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಶಿಫಾರಸು ಮಾಡಿದ ಸ್ಕೀಮಾ ಎಂಬ ನಿಯಮಭಾಷೆಯಲ್ಲಿ ಇದಕ್ಕೆ ಪರಿಹಾರವುಂಟು. ‘ಸ್ಟ್ರಿಂಗ್’, ಎಂದರೆ ಅಕ್ಷರಮಾಲೆ, ಎಂಬ ಮೂಲಪ್ರಕಾರವನ್ನು ‘ರೆಸ್ಟ್ರಿಕ್ಷನ್’ ಎಂಬ ಅಂಗದಿಂದ ಸೀಮಿತಗೊಳಿಸಿ, ಅದರೊಳಗೆ ಪ್ರಭವದಿಂದ ಕ್ಷಯದವರೆಗಿನ ೬೦ ಹೆಸರುಗಳನ್ನು ಒಂದೊಂದು ‘ಎನ್ಯುಮರೇಷನ್’ ಆಗಿ ನಮೂದಿಸಬೇಕು. ಆಗ ಪಟ್ಟಿಯೊಡನೆ ಅಕ್ಷರಶಃ ಹೊಂದದ ರೂಪವನ್ನು ಪರಿಶೀಲಕ ತಂತ್ರಾಂಶವು ದೋಷವೆಂದು ತೋರಿಸುತ್ತದೆ.

ಆದರೆ ಪಟ್ಟಿಯು ಕಾಯುವುದು ಕಾಗುಣಿತವನ್ನು, ಸತ್ಯವನ್ನಲ್ಲ. ‘ಹೇವಿಳಂಬಿ’ಯ ಬದಲು ಅದರ ಮರುವರ್ಷವಾದ ‘ವಿಳಂಬಿ’ಯನ್ನು ಬರೆದರೆ ಅದು ಅಡ್ಡಿಯಿಲ್ಲದೆ ಸಾಗುತ್ತದೆ. ಇನ್ನೂ ಗಂಭೀರವಾದುದು ಸವೆದ ಕಲ್ಲಿನ ಪ್ರಶ್ನೆ. ೬೦ ಹೆಸರುಗಳಷ್ಟೇ ಇರುವ ಕಡ್ಡಾಯ ಅಂಕಣವು ಸೂಚಿಕಾರನನ್ನು ಊಹೆಗೆ ತಳ್ಳುತ್ತದೆ. ಆ ಊಹೆಯೇ ಮುಂದಿನವರಿಗೆ ಪ್ರಮಾಣವಾಗುತ್ತದೆ. ಆದುದರಿಂದ ‘ಅಸ್ಪಷ್ಟ’, ‘ಉಕ್ತವಾಗಿಲ್ಲ’ ಎಂಬ ಎರಡನ್ನೂ ಪಟ್ಟಿಗೆ ಸೇರಿಸಿ, ಕಲ್ಲಿನ ಮೂಲಪಾಠಕ್ಕೆ ನಿರ್ಬಂಧವಿಲ್ಲದ ಬೇರೊಂದು ಅಂಕಣವನ್ನು ಇಡುವುದು ಯುಕ್ತವೆಂದು ನಾವು ಭಾವಿಸುತ್ತೇವೆ.