ನರಗಳ ವೇಗ: ಮರಿಕೋತಿಯಿಂದ ಮುದಿಕೋತಿಯವರೆಗೆ

ಪಾದಕ್ಕೆ ಏನಾದರೂ ತಾಕಿದೊಡನೆ ನಮಗೆ ತಿಳಿಯಿತೆಂದು ಭಾವಿಸುತ್ತೇವೆ. ವಾಸ್ತವವಾಗಿ ಆ ಸುದ್ದಿ ನರದ ಮೂಲಕ ಮಿದುಳಿಗೆ ಪ್ರಯಾಣ ಮಾಡಬೇಕು. 1850ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಈ ವೇಗವನ್ನು ಅಳೆದರು. ಅದು ಸೆಕೆಂಡಿಗೆ ಸುಮಾರು 30 ಮೀಟರ್. ಶಬ್ದದ ವೇಗದ ಹತ್ತನೆಯ ಒಂದು ಪಾಲಿಗಿಂತಲೂ ತುಸು ಕಡಿಮೆ!

ಹಾಗಾದರೆ ದೇಹ ಬೆಳೆದು ದಾರಿ ಉದ್ದವಾದಂತೆ ಸುದ್ದಿ ತಡವಾಗಬೇಕಲ್ಲವೆ? ಪ್ರಕೃತಿ ಇದಕ್ಕೆ ಸೊಗಸಾದ ವ್ಯವಸ್ಥೆ ಮಾಡಿದೆ. ಮುಖ್ಯ ನರತಂತುಗಳಿಗೆ ಮೈಲಿನ್ ಎಂಬ ಕೊಬ್ಬಿನಂಶದ ಹೊದಿಕೆಯಿದೆ. ಅದು ಅಖಂಡವಲ್ಲ; ನಡುನಡುವೆ ಕಿರಿದಾದ ಬಿಡುವುಗಳಿದ್ದು, ಸಂದೇಶವು ಒಂದು ಬಿಡುವಿನಿಂದ ಮತ್ತೊಂದಕ್ಕೆ ನೆಗೆಯುತ್ತ ಸಾಗುತ್ತದೆ. ಕೈಕಾಲು ಬೆಳೆದಾಗ ಬಿಡುವುಗಳ ಸಂಖ್ಯೆ ಹೆಚ್ಚುವುದಿಲ್ಲ, ಅವುಗಳ ನಡುವಣ ಅಂತರ ಹಿಗ್ಗುತ್ತದೆ. ತಂತುವೂ ದಪ್ಪವಾಗುತ್ತದೆ. ಹೀಗೆ ದಾರಿಯೊಂದಿಗೆ ವೇಗವೂ ವೃದ್ಧಿಸುತ್ತದೆ. ನವಜಾತ ಶಿಶುವಿನ ನರವೇಗ ವಯಸ್ಕರ ಅರ್ಧದಷ್ಟಿದ್ದು, ಮೂರರಿಂದ ಐದು ವರ್ಷದೊಳಗೆ ವಯಸ್ಕರ ಮಟ್ಟ ಮುಟ್ಟುತ್ತದೆ.

ಉತ್ತರ ಭಾರತದ ರೀಸಸ್ ಕೋತಿ ಹಾಗೂ ಅದರ ಹತ್ತಿರದ ಬಂಧುಗಳಲ್ಲಿ ಈ ಬೆಳವಣಿಗೆಯನ್ನು ವಿವರವಾಗಿ ಅಧ್ಯಯನ ಮಾಡಲಾಗಿದೆ. ನಮ್ಮ ಬೆಟ್ಟಗಳ ಕೋತಿಯೂ ಅದೇ ಕುಲದ್ದು. ಹುಟ್ಟಿದ ಮರಿ ತಾಯಿಯ ಹೊಟ್ಟೆಯನ್ನು ಬಿಗಿಯಾಗಿ ಅಪ್ಪಿಕೊಳ್ಳಬಲ್ಲದು. ಆದರೆ ಬೆರಳ ತುದಿಯಿಂದ ಕಾಳು ಹೆಕ್ಕಲಾರದು. ಆ ಕೌಶಲ ಎರಡು ಮೂರು ತಿಂಗಳಿಗೆ ಮೊಳೆತು, ಏಳೆಂಟು ತಿಂಗಳಿಗೆ ಪಕ್ವವಾಗುತ್ತದೆ. ಮಿದುಳಿನಿಂದ ಬೆನ್ನುಹುರಿಗಿಳಿಯುವ ಅತಿ ವೇಗದ ತಂತುಗಳ ಹೊದಿಕೆ ಮಾತ್ರ ಪೂರ್ಣಗೊಳ್ಳಲು ಸುಮಾರು ಮೂರು ವರ್ಷ ಬೇಕೆಂದು ಅಂದಾಜು. ಅಂದರೆ ವೇಗ ಪೂರ್ತಿ ಒದಗುವ ಮುನ್ನವೇ ಕೈ ಪಳಗಿರುತ್ತದೆ.

ಇಪ್ಪತ್ತು ದಾಟಿದ ಕೋತಿ ವೃದ್ಧಾಪ್ಯಕ್ಕೆ ಕಾಲಿಟ್ಟಿರುತ್ತದೆ. ಮುಪ್ಪಿನಲ್ಲಿ ಮಿದುಳಿನ ಕೋಶಗಳು ರಾಶಿರಾಶಿಯಾಗಿ ಸಾಯುತ್ತವೆಂಬುದು ಹಳೆಯ ನಂಬಿಕೆ. ಅಮೆರಿಕದ ಬಾಸ್ಟನ್‌ನಲ್ಲಿ ಅಲನ್ ಪೀಟರ್ಸ್ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಬೇರೆ: ಕೋಶಗಳು ಬಹುಮಟ್ಟಿಗೆ ಉಳಿದಿದ್ದವು, ಹೊದಿಕೆ ಸೀಳಿ ಉಬ್ಬಿತ್ತು. ದೇಹ ಅದಕ್ಕೆ ತೇಪೆ ಹಾಕುತ್ತದೆ; ಆದರೆ ಹೊಸ ತುಂಡುಗಳು ಗಿಡ್ಡ, ತೆಳು. ನೆಗೆತಗಳು ಹೆಚ್ಚಿ ಸಂದೇಶ ನಿಧಾನವಾಗುತ್ತದೆ. ಹೊದಿಕೆ ಹೆಚ್ಚು ಕೆಟ್ಟ ಕೋತಿಗಳು ಜ್ಞಾಪಕಶಕ್ತಿಯ ಪರೀಕ್ಷೆಗಳಲ್ಲೂ ಹಿಂದುಳಿದವು.

ಮನೆಯ ಹಿರಿಯರು ಉತ್ತರಿಸಲು ತಡಮಾಡಿದಾಗ ಅದನ್ನು ಅಲಕ್ಷ್ಯವೆಂದು ಗದರುವವರು ಇದನ್ನು ಗಮನಿಸಬೇಕು. ಕೈಕಾಲು ಜೋಮು ಹಿಡಿಯುವವರಿಗೆ ವೈದ್ಯರು ನರವೇಗದ ಪರೀಕ್ಷೆ ಬರೆಯುವುದುಂಟು. ಅಲ್ಲಿ ವಯಸ್ಸು, ಎತ್ತರ ಕೇಳುವುದೂ, ತಣ್ಣಗಿರುವ ಕೈಯನ್ನು ಬೆಚ್ಚಗೆ ಮಾಡುವುದೂ ಇದಕ್ಕಾಗಿಯೇ; ಚಳಿಯಲ್ಲಿ ಆರೋಗ್ಯವಂತನ ನರವೂ ಮಂದವಾಗುತ್ತದೆ. ವಯಸ್ಸಿಗೆ ಸಹಜವಾದುದಕ್ಕಿಂತ ವೇಗ ಹೆಚ್ಚು ಇಳಿದಿದ್ದರೆ ವೈದ್ಯರು ಸಕ್ಕರೆ ಕಾಯಿಲೆಯಂಥ ಕಾರಣಗಳನ್ನು ಹುಡುಕುತ್ತಾರೆ.